ಹನ್ನೆರಡೂ ಗಾಜು ಕ್ಷೇಮ

ಜನವರಿ 8

ಪೂಜ್ಯ ಮಾವನವರಿಗೆ,

ನಿಮ್ಮ ಅಳಿಯನ ನಮಸ್ಕಾರಗಳು. ನಾವಿಬ್ಬರೂ ಸುಖವಾಗಿ ಬಂದು ತಲುಪಿದೆವು. ರೈಲಿನಲ್ಲಿ ನಿಮ್ಮ ಮಗಳಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು, ನನಗೆ ಅವಳ ಪೆಟ್ಟಿಗೆಗಳ ಪಕ್ಕದ ಜಾಗ ಸಿಕ್ಕಿತು. ಅತ್ತೆಯವರು ಕಟ್ಟಿಕೊಟ್ಟ ಬುತ್ತಿ ಎರಡನೇ ನಿಲ್ದಾಣ ಕಾಣಲಿಲ್ಲ.

ಇನ್ನು ಕೆಲಸದ ಮಾತು. ನಿಮ್ಮ ಓಣಿಯ ಗೋಡೆಗಳಲ್ಲಿ ಬಿರುಕಿದ್ದ ಕಡೆ, ಬಿರುಕಿಗೆ ಅಡ್ಡಲಾಗಿ ನಾನು ಅಂಟಿಸಿ ಬಂದ ಗಾಜಿನ ಪಟ್ಟಿಗಳು ಒಟ್ಟು ಹನ್ನೆರಡು. ಬೇಕರಿಯಲ್ಲಿ ಐದು, ನಿಮ್ಮಲ್ಲಿ ಮೂರು, ಎದುರಿನ ಹೊಲಿಗೆಯಮ್ಮನ ಮನೆಯಲ್ಲಿ ಎರಡು, ಮೇಷ್ಟ್ರ ಮನೆಯಲ್ಲಿ ಎರಡು. ಆಗಾಗ ಅವನ್ನು ನೋಡಿ, ಇಡಿಯಾಗಿವೆಯೋ ಒಡೆದಿವೆಯೋ ಎಂದು ಕಾಗದದಲ್ಲಿ ಬರೆದು, ಸಹಿ ಹಾಕಿ ಕಳುಹಿಸಿದರೆ ದೊಡ್ಡ ಉಪಕಾರ. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಅತ್ತೆ ಕೇಳಿದ್ದರು. ಸಾಲದು. ನಮ್ಮ ಗಣಿ ಕಂಪನಿಯ ಪ್ರಧಾನ ಕಚೇರಿ ಕಿವಿಯಿಂದ ಕೇಳಿದ್ದನ್ನು ನಂಬುವುದಿಲ್ಲ. ತೂತು ಹಾಕಿ ಕಡತಕ್ಕೆ ಪೋಣಿಸಲು ಬರುವುದನ್ನು ಮಾತ್ರ ನಂಬುತ್ತದೆ. ರಸ್ತೆಗೆ ನೆಟ್ಟಿದ್ದ ಅಳತೆಗೂಟಗಳನ್ನು ಚರಂಡಿ ತೋಡುವವರು ಕಿತ್ತೆಸೆದ ಮೇಲೆ, ನನ್ನ ನೆಲರಕ್ಷಣೆಯ ವಿಭಾಗಕ್ಕೆ ಆ ಓಣಿಯಲ್ಲಿ ಈ ಗಾಜುಗಳೇ ಕಣ್ಣು. ವಿಭಾಗ ಎಂದರೆ ದೊಡ್ಡದೇನಲ್ಲ, ಒಂದು ಮೇಜು, ಎರಡು ಕುರ್ಚಿ. ಒಂದು ಕುರ್ಚಿಯಲ್ಲಿ ನಾನು, ಇನ್ನೊಂದರಲ್ಲಿ ಕಡತಗಳು.

ಏಕೆ, ಏನು ಎಂದು ನೀವು ತಲೆ ಕೆಡಿಸಿಕೊಳ್ಳಬೇಡಿ. ಬರೀ ಕಚೇರಿಯ ಶಾಸ್ತ್ರ. ಅತ್ತೆಯವರಿಗೂ ಹಾಗೆಯೇ ಹೇಳಿ.

ನಿಮ್ಮ ಅಳಿಯ


ಜನವರಿ 22

ಅಳಿಯಂದಿರಿಗೆ ಆಶೀರ್ವಾದಗಳು.

ಇಲ್ಲಿ ನಾನು, ನಿಮ್ಮ ಅತ್ತೆ, ಅಂಗಡಿ ಮತ್ತು ಹನ್ನೆರಡು ಗಾಜು, ಎಲ್ಲರೂ ಕ್ಷೇಮ. ಕೆಳಗೆ ಸಹಿ ಹಾಕಿದ್ದೇನೆ, ತೂತು ಹಾಕಿಕೊಳ್ಳಲು ಎಡಗಡೆ ಜಾಗವನ್ನೂ ಬಿಟ್ಟಿದ್ದೇನೆ.

ಹೇಳಬಾರದು, ಆದರೆ ಹೇಳದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ನೀವು ಅಂಟಿಸಿದ ಗಾಜುಗಳು ಓರೆ. ಹನ್ನೆರಡರಲ್ಲಿ ಹತ್ತು ಓರೆ. ಉಳಿದೆರಡು ತಲೆಕೆಳಗು ಎನ್ನೋಣವೆಂದರೆ ಗಾಜಿಗೆ ತಲೆಯಿಲ್ಲ. ಅಂಚು ಉಜ್ಜಿಲ್ಲ. ಸಿಮೆಂಟು ಮೆತ್ತಿದ್ದು ನೋಡಿದರೆ ಕೂಸು ಗಲ್ಲಕ್ಕೆ ಅನ್ನ ಮೆತ್ತಿಕೊಂಡ ಹಾಗಿದೆ. ಗಾಜೂ ತೆಳು, ಎರಡು ಮಿಲಿಮೀಟರಿನದು. ಅದರಲ್ಲಿ ನಾನು ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೂ ಚೌಕಟ್ಟು ಹಾಕುವುದಿಲ್ಲ. ನಲವತ್ತು ವರ್ಷದಿಂದ ಇದೇ ಓಣಿಯಲ್ಲಿ ಕನ್ನಡಿ, ಚೌಕಟ್ಟು, ಕಿಟಕಿ ಗಾಜಿನ ಅಂಗಡಿ ಇಟ್ಟವನ ಅಳಿಯ ಮಾಡಿದ ಕೆಲಸ ಇದು ಎಂದು ನಾನು ಯಾರಿಗೂ ಹೇಳಲಿಲ್ಲ. ಮೇಷ್ಟ್ರೇ ಬಂದು ಕೇಳಿದರು: "ಏನ್ರೀ ಇದು, ಗೋಡೆಗೆ ಗಾಯ ಆಗಿದೆ ಅಂತ ಪಟ್ಟಿ ಕಟ್ಟಿದಾರಾ?" "ಕಂಪನಿಯವರದು ಮೇಷ್ಟ್ರೇ, ನಮಗ್ಯಾಕೆ" ಎಂದು ಮಾತು ತೇಲಿಸಿದೆ.

ಮಗಳಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿ.

ನಿಮ್ಮ ಮಾವ


ಫೆಬ್ರವರಿ 2

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಕಡತ ಸೇರಿತು. ಕೈಕೆಲಸದ ಬಗ್ಗೆ ಬರೆದ ಭಾಗವನ್ನು ಮಾತ್ರ ನಿಮ್ಮ ಮಗಳು ನನ್ನಿಂದ ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡಳು. "ನಮ್ಮಪ್ಪ ಇಷ್ಟು ಮೆತ್ತಗೆ ಬೈದದ್ದು ನಾನು ಕೇಳೇ ಇಲ್ಲ" ಎಂದಳು.

ನಿಮ್ಮಂಥ ಕುಶಲಿಗಳ ಎದುರು ನನ್ನ ಕೈಯೇನು, ನನ್ನ ಕೆಲಸವೇನು? ಅದರಲ್ಲಿ ಎಲ್ಲಿ ಏನು ಸರಿಯಿಲ್ಲವೆಂದು ಕಂಡರೂ ನೀವು ನಿಮ್ಮ ಕೈಯಾರೆ ಸರಿಮಾಡಿದರೆ ಅದು ನನ್ನ ಭಾಗ್ಯ. ಅದಕ್ಕೆಲ್ಲ ನನ್ನನ್ನು ಕೇಳಬೇಕೇ?

ಅಂದ ಹಾಗೆ, ಓಣಿಯ ಕೊನೆಯ ಕೆರೆಯಲ್ಲಿ ನೀರು ಎಷ್ಟಿದೆ? ಬಾಗಿಲುಗಳು ಸರಿಯಾಗಿ ಮುಚ್ಚುತ್ತವೆಯೇ? ಸುಮ್ಮನೆ ಕೇಳಿದೆ.

ನಿಮ್ಮ ಅಳಿಯ


ಮಾರ್ಚ್ 6

ಅಳಿಯಂದಿರಿಗೆ ಆಶೀರ್ವಾದಗಳು.

ಪತ್ರ ತಡವಾಯಿತು. ಅಂಗಡಿಯಲ್ಲಿ ಕೈತುಂಬ ಕೆಲಸ. ಗಿರಾಕಿಗಳಿದ್ದಾರೆ ಎಂದು ತಿಳಿಯಬೇಡಿ, ಕೆಲಸ ಮಾತ್ರ ಇದೆ. ಇಲ್ಲಿ ಎಲ್ಲರೂ ಕ್ಷೇಮ, ಹನ್ನೆರಡೂ ಗಾಜು ಕ್ಷೇಮ. ಈಗ ಅವು ನೋಡುವ ಹಾಗೂ ಇವೆ.

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರ. ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಈ ವರ್ಷ ನೀರು ತಾಗುತ್ತಿಲ್ಲ, ಇನ್ನೂ ಮೂರು ಮೆಟ್ಟಿಲು ಇಳಿಯಬೇಕು. ಬಿಸಿಲು ಜಾಸ್ತಿ. ಬಾಗಿಲುಗಳ ಮರ ಉಬ್ಬಿದೆ. ನಮ್ಮ ಹಿತ್ತಿಲ ಬಾಗಿಲನ್ನು ಬಡಗಿಯಿಂದ ಎರಡು ಸಲ ಉಜ್ಜಿಸಿದೆ, ಮೂರನೇ ಸಲ ಉಜ್ಜಿಸಿದರೆ ಕಿಟಕಿಯಾಗುತ್ತದೆ ಎನ್ನುತ್ತಾನೆ. ಬಿಸಿಲಿಗೆ ಮರ ಹೇಗೆ ಉಬ್ಬುತ್ತದೆ ಎಂದು ನಿಮ್ಮ ಅತ್ತೆ ಕೇಳುತ್ತಾಳೆ. ಅವಳಿಗೆ ಎಲ್ಲದಕ್ಕೂ ಪ್ರಶ್ನೆ.

ಅಂಗಡಿಯಲ್ಲಿ ಒಂದು ವಿಚಿತ್ರ. ಗೋಡೆಗೆ ತೂಗುಹಾಕಿದ ಚೌಕಟ್ಟುಗಳೆಲ್ಲ ಗೋಡೆಯ ಅಂಚಿಗೆ ಓರೆಯಾಗಿ ಕಾಣುತ್ತಿವೆ. ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದೆ. ಗುಂಡು ಒಂದು ಹೇಳುತ್ತದೆ, ಗೋಡೆ ಒಂದು ಹೇಳುತ್ತದೆ. ಗುಂಡು ಹಳೆಯದಾಯಿತೆಂದು ಹೊಸದು ತಂದೆ. ಅದೂ ಹಳೆಯದರ ಕಡೆಯೇ ಸಾಕ್ಷಿ ಹೇಳುತ್ತಿದೆ. ಈಗಿನ ಮಾಲುಗಳೇ ಹೀಗೆ.

ಹೊಲಿಗೆಯಮ್ಮ ಹೊಸ ರಾಗ ಎತ್ತಿದ್ದಾಳೆ. ಅವಳ ದಾರದ ಉರುಳೆಗಳು ಮೇಜಿನಿಂದ ಉರುಳಿ ಯಾವಾಗಲೂ ಬೇಕರಿಯ ಕಡೆಗೇ ಓಡುತ್ತವಂತೆ. "ನೆಲಾನೇ ವಾಲಿದೆ ಅಣ್ಣಾ" ಎಂದಳು. ಅವಳು ಹೊಲಿದುಕೊಟ್ಟ ನನ್ನ ಅಂಗಿಯ ಒಂದು ತೋಳು ಗಿಡ್ಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೇಳಿ ಕಳಿಸಿದೆ. ಎರಡು ದಿನದಿಂದ ಮಾತಾಡುತ್ತಿಲ್ಲ.

ಗಾಜಿನ ಬಗ್ಗೆ ನಿಶ್ಚಿಂತೆಯಿಂದಿರಿ. ನಾನಿದ್ದೇನೆ.

ನಿಮ್ಮ ಮಾವ


ಮಾರ್ಚ್ 24

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಎರಡೂ ಪತ್ರಗಳನ್ನು ಲಗತ್ತಿಸಿ ಮೂರು ತಿಂಗಳ ವರದಿ ಒಪ್ಪಿಸಿದೆ. ಹನ್ನೆರಡು ಪಟ್ಟಿ, ಹನ್ನೆರಡೂ ಅಖಂಡ. ನಮ್ಮ ಹಿರಿಯ ಸಾಹೇಬರಿಗೆ ಅತ್ಯಾನಂದವಾಗಿದೆ. ನನ್ನ ವರದಿಯನ್ನು ಅವರು ಕೊನೆಯ ಪುಟದವರೆಗೆ ಓದಿದ್ದು ಇದೇ ಮೊದಲು. "ನಿಮ್ಮ ಮಾವನ ಓಣಿ ಬಂಡೆ ಇದ್ದ ಹಾಗಿದೆ ಕಣ್ರಿ" ಎಂದು ಬೆನ್ನು ತಟ್ಟಿದರು. ನನಗೆ ಆ ಕಡೆ ಭುಜ ಇನ್ನೂ ನೋಯುತ್ತಿದೆ.

ಅವರ ಆನಂದದಲ್ಲಿ ನಾನು ಪಾಲುಗೊಳ್ಳಲಾರದವನಾಗಿದ್ದೇನೆ. ಕೆರೆ ಇಳಿದಿದೆ ಎನ್ನುತ್ತೀರಿ, ಬಾಗಿಲು ಹಿಡಿಯುತ್ತದೆ ಎನ್ನುತ್ತೀರಿ, ಎರಡು ತೂಗುಗುಂಡುಗಳು ಒಂದೇ ಮಾತು ಹೇಳುತ್ತವೆ. ಆದರೂ ಎರಡು ಮಿಲಿಮೀಟರಿನ ಗಾಜಿಗೆ ಒಂದು ಗೀರೂ ಇಲ್ಲ. ಮಾವ, ಕೇಳಿದೆನೆಂದು ಬೇಸರಿಸಬೇಡಿ. ನಿಜವಾಗಿಯೂ ಒಂದೇ ಒಂದು ಗಾಜು ಕೂಡ ಒಡೆದಿಲ್ಲವೇ?

ನಿಮ್ಮ ಅಳಿಯ


ಏಪ್ರಿಲ್ 3

ಅಳಿಯಂದಿರಿಗೆ.

ಆಶೀರ್ವಾದ ಎಂದಿನಂತೆ ಇದೆ, ಬರೆದಿಲ್ಲ ಅಷ್ಟೆ.

ನೀವು ನನ್ನನ್ನು ಎಂಥವನೆಂದು ತಿಳಿದಿದ್ದೀರಿ? ಅಳಿಯ ಮನೆಗೆ ಬಂದು ಒಂದು ವಸ್ತು ಬಿಟ್ಟುಹೋದರೆ, ಅದೂ ಗಾಜಿನ ವಸ್ತು, ಅದೂ ಗಾಜಿನಂಗಡಿಯವನ ಮನೆಯಲ್ಲಿ, ಅದು ಒಡೆದು ನೇತಾಡುತ್ತಿರಲು ನಾನು ಬಿಡುತ್ತೇನೆಯೇ? ಓಣಿಯ ಜನ ಏನೆಂದಾರು? ದೀಪದ ಬುಡದಲ್ಲೇ ಕತ್ತಲು ಎಂದಾರು. ಹೋಗಿ ಬಂದು ಮೇಷ್ಟ್ರು ಅದನ್ನೇ ತೋರಿಸಿ ನಕ್ಕಾರು. ನನ್ನ ಓಣಿಯಲ್ಲಿ ಒಡೆದ ಗಾಜು ಎಂಬುದಿಲ್ಲ. ಇದ್ದದ್ದಿಲ್ಲ, ಇರುವುದಿಲ್ಲ. ಹನ್ನೆರಡೂ ಕ್ಷೇಮ. ಸಹಿ ಕೆಳಗಿದೆ, ಈ ಸಲ ಎರಡು ಸಲ ಹಾಕಿದ್ದೇನೆ.

ನಿಮ್ಮ ಮಾವ
ನಿಮ್ಮ ಮಾವ

(ಅಂಚಿನಲ್ಲಿ ಬೇರೆ ಕೈಬರಹ) ಅಳಿಯಂದ್ರೇ, ಇವರು ಅಂಚೆಗೆ ಹಾಕು ಅಂತ ನನ್ನ ಕೈಗೆ ಕೊಟ್ರು, ಓದಿ ನೋಡಿದೆ. ಒಡೆದ ಗಾಜು ಇರಲ್ಲ ಅನ್ನೋದು ನಿಜ. ಒಡೆದ ದಿನವೇ ಇವರು ಹೊಸದು ಹಾಕ್ತಾರಲ್ಲ, ಇನ್ನೆಲ್ಲಿಂದ ಇರುತ್ತೆ? ಒಡೆದಿಲ್ಲ ಅನ್ನೋದೂ, ಒಡೆದದ್ದು ಇಲ್ಲ ಅನ್ನೋದೂ ಇವರಿಗೆ ಒಂದೇ, ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ. ಇದುವರೆಗೆ ಮೂವತ್ತೇಳು ಹಾಕಿದಾರೆ. ದಪ್ಪ ಗಾಜು ಹಾಕಿದ್ರು, ಅದಕ್ಕಿಂತ ದಪ್ಪದ್ದು ಹಾಕಿದ್ರು, ಈಗ ಬೇಕರಿಯಲ್ಲಿ ಕನ್ನಡಿ ಹಾಕಿದಾರೆ, ಬ್ರೆಡ್ಡು ತಗೊಳ್ಳೋಕೆ ಬಂದ ಹುಡುಗಿಯರೆಲ್ಲ ಗೋಡೆ ಮುಂದೆ ತಲೆ ಬಾಚ್ತಾರೆ. ಇದರಲ್ಲೇನಾದ್ರೂ ತಪ್ಪಿದೆಯಾ? ಮನಸ್ಸಿಗೆ ಯಾಕೋ ಕಸಿವಿಸಿ. ಅತ್ತೆ.


ಏಪ್ರಿಲ್ 9

ಮಾವ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಮೊದಲ ಮೂರಕ್ಕಿಂತ ಮೆತ್ತಗಿದೆ.

ಗಾಜು ಅಂಟಿಸುವುದು ಅಂದಕ್ಕಲ್ಲ. ಅದು ಒಡೆಯಲೆಂದೇ ಅಂಟಿಸುವುದು. ನೆಲ ಕುಸಿದು ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ. ಒಡೆದರೆ ನೆಲ ಅಲುಗುತ್ತಿದೆ ಎಂದು ಅರ್ಥ. ಅದಕ್ಕೇ ತೆಳುವಾದದ್ದು ಹಾಕಿದ್ದು.

ನಿಮ್ಮ ಓಣಿಯ ಕೆಳಗೆ ಕಲ್ಲಿದ್ದಲು ತೆಗೆದಾಗಿದೆ. ನೆಲ ಕೆಳಗಿಳಿಯದಿರಲೆಂದು ಕಲ್ಲಿದ್ದಲಿನ ಕಂಬಗಳನ್ನು ಮಾತ್ರ ಬಿಟ್ಟಿದ್ದಾರೆ. ಬೇಕರಿಯ ಆಚೆಗಿನ ಕಂಬಗಳನ್ನು ಈ ವರ್ಷ ತೆಗೆದರು. ಇನ್ನು ಸರದಿ ನಿಮ್ಮ ಅಂಗಡಿಯ ಕೆಳಗಿನವುಗಳದು. ಗಣಿಯ ಬಾಯಿಯ ಪಕ್ಕ ಐವತ್ತು ವರ್ಷದ ತ್ಯಾಜ್ಯಕಲ್ಲಿನ ಗುಡ್ಡೆ ಇದೆಯಲ್ಲ, ಹೊಗೆಯಾಡುತ್ತ, ಮಳೆ ಬಂದರೆ ಚರಂಡಿಯನ್ನು ಕೆಂಪು ಮಾಡುತ್ತ? ಅದನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಕೆಳಗಿಳಿಸಿ ಖಾಲಿ ಜಾಗ ತುಂಬಿದರೆ ಮೇಲಿನ ಗುಡ್ಡೆಯೂ ಕರಗುತ್ತದೆ, ಕೆಳಗಿನ ಟೊಳ್ಳೂ ಮುಚ್ಚುತ್ತದೆ, ಕೆರೆಯ ನೀರೂ ಕೆರೆಯಲ್ಲೇ ಉಳಿಯುತ್ತದೆ. ಈ ಕಡತ ಹಿಡಿದು ಮೂರು ವರ್ಷದಿಂದ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದೇನೆ. ಸಾಹೇಬರದು ಒಂದೇ ಪ್ರಶ್ನೆ: "ನೆಲ ಅಲುಗ್ತಿದೆ ಅನ್ನೋದಕ್ಕೆ ಪುರಾವೆ ಎಲ್ರೀ?" ಆ ಪುರಾವೆಗೆಂದೇ ಹನ್ನೆರಡು ಗಾಜು. ಈಗ ನನ್ನದೇ ಕಡತದಲ್ಲಿ, ನಿಮ್ಮ ಸಹಿಯೊಂದಿಗೆ, ನೆಲ ಬಂಡೆ ಎಂದು ಬರೆದಿದೆ. ಮೇ 25ರಂದು ಸಭೆ. ತುಂಬುವ ಅಗತ್ಯವಿಲ್ಲ, ಕಂಬ ತೆಗೆಯಬಹುದು ಎಂದು ಅಂದು ಮೊಹರು ಬೀಳುತ್ತದೆ.

ಓಣಿ ಮೂವತ್ತೇಳು ಸಲ ಬಾಯಿಬಿಟ್ಟಿತು ಮಾವ. ಮೂವತ್ತೇಳು ಸಲವೂ ನೀವು ಅದರ ಬಾಯಿ ಮುಚ್ಚಿದಿರಿ. ಈಗ ಮೂವತ್ತೇಳು ಎಂದು ಹೇಳಿದರೆ ಸಾಹೇಬರು ನಂಬುವುದಿಲ್ಲ. ತೂತು ಹಾಕಿ ಪೋಣಿಸಲು ನನ್ನ ಬಳಿ ಏನೂ ಇಲ್ಲ.

ನಿಮ್ಮ ಅಳಿಯ


ಮೇ 2

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮಿಂದ ಪತ್ರವಿಲ್ಲದೆ ಮೂರು ವಾರ ದಾಟಿತು. ಫೋನು ಮಾಡಿದರೆ ಅತ್ತೆ ಎತ್ತಿ "ಅವರು ಹೊರಗೆ ಹೋಗಿದಾರೆ" ಎನ್ನುತ್ತಾರೆ. ಬೆಳಿಗ್ಗೆ ಹೊರಗೆ, ಮಧ್ಯಾಹ್ನ ಹೊರಗೆ, ಭಾನುವಾರವೂ ಹೊರಗೆ. ಹಿನ್ನೆಲೆಯಲ್ಲಿ ನಿಮ್ಮ ಕೆಮ್ಮು ಕೇಳಿಸುತ್ತದೆ.

ಹಿರಿಯರಿಗೆ ಹಾಗೆ ಬರೆಯಬಾರದಿತ್ತು. ನನ್ನ ಕೆಲಸ ಹಾಳಾಯಿತೆಂಬ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಂಡೆ. ನಿಮ್ಮ ಮಗಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ಮಾತಾಡಿದಳು, ಅದಕ್ಕಿಂತ ಮಾತಾಡದಿದ್ದದ್ದೇ ಮೇಲಿತ್ತು. ಕ್ಷಮಿಸಿ. ಓಣಿ ಉಳಿಯಲಿ ಬಿಡಲಿ, ನೀವಿಬ್ಬರೂ ಇಲ್ಲಿಗೆ ಬಂದುಬಿಡಿ. ಕಡತಗಳ ಕುರ್ಚಿಯನ್ನಾದರೂ ಖಾಲಿ ಮಾಡಿಸುತ್ತೇನೆ.

ನಿಮ್ಮ ಅಳಿಯ


ಮೇ 10

ಅಳಿಯಂದಿರಿಗೆ ಆಶೀರ್ವಾದಗಳು.

ಮೊದಲು ನನ್ನ ದೂರು, ಆಮೇಲೆ ನನ್ನ ತಪ್ಪು, ಆಮೇಲೆ ಪೆಟ್ಟಿಗೆ.

ದೂರು. ನಿಮ್ಮ ಫೆಬ್ರವರಿ ಎರಡರ ಪತ್ರ ತೆಗೆದು ನೋಡಿ. ಎಲ್ಲಿ ಸರಿಯಿಲ್ಲವೋ ಕೈಯಾರೆ ಸರಿಮಾಡಿ, ಕೇಳಬೇಕೇ ಎಂದು ಬರೆದವರು ಯಾರು? ಮರ್ಯಾದೆಗೆ ಬರೆದದ್ದು ಎಂದು ಈಗ ಹೇಳಬೇಡಿ. ಗಾಜಿನವನಿಗೆ ಸರಿಮಾಡಿ ಎನ್ನುವುದೂ, ಬೆಕ್ಕಿಗೆ ಹಾಲು ನೋಡಿಕೊ ಎನ್ನುವುದೂ ಒಂದೇ. ಅದಿರಲಿ. ನನ್ನ ಕಾಲ ಕೆಳಗಿನ ನೆಲ ಟೊಳ್ಳಾಗಿದೆ ಎಂದು ಗೊತ್ತಿದ್ದೂ ನೀವು ನನಗೆ ಕಚೇರಿಯ ಶಾಸ್ತ್ರ ಎಂದಿರಿ. ಅದು ನೋವಾಯಿತು. ಹೇಳಿದ್ದರೆ ನಾನು ಹೆದರುತ್ತಿದ್ದೆ, ನಿಜ. ಹೆದರಿ ಗಾಜನ್ನು ಹಾಗೇ ಬಿಡುತ್ತಿದ್ದೆ.

ತಪ್ಪು. ನಿಮ್ಮ ಪತ್ರ ಓದಿದ ದಿನ ಹೊಲಿಗೆಯಮ್ಮನ ಮನೆಗೆ ಹೋಗಿ ನೆಲದ ಮೇಲೆ ಒಂದು ಗೋಲಿ ಇಟ್ಟೆ. ಅದು ನನ್ನ ಮುಖ ನೋಡಿತು, ಬೇಕರಿಯ ಕಡೆ ಹೊರಟೇಹೋಯಿತು. "ನಿನ್ನ ನೆಲಾನೇ ಡೊಂಕು ತಾಯಿ, ಕುಣಿಯೋಕೆ ಬರದಿದ್ದವನು ನಾನು" ಎಂದೆ. ಅವಳು ನಕ್ಕಳು, ಆಮೇಲೆ ಅತ್ತಳು, ಆಮೇಲೆ ನನ್ನ ಅಂಗಿಯ ತೋಳು ಸರಿಮಾಡಿಕೊಡುತ್ತೇನೆ ಎಂದಳು. ಉಳಿದ ಮನೆಗಳಿಗೂ ಹೋಗಿ ಹೇಳಿದೆ. ನಗುತ್ತಾರೆಂದು ಮೂರು ತಿಂಗಳು ಹೆದರಿದ್ದೆನಲ್ಲ, ಆ ಮೇಷ್ಟ್ರು ನಗದೆ ನನ್ನ ಕೈ ಹಿಡಿದುಕೊಂಡು ಕೂತರು. ನಕ್ಕಿದ್ದರೇ ಚೆನ್ನಾಗಿತ್ತು. ಕನ್ನಡಿಯಲ್ಲಿ ಲೋಕಕ್ಕೆಲ್ಲ ಮುಖ ತೋರಿಸಿದವನು ನಾನು, ಎದುರಿಗಿದ್ದದ್ದು ನನಗೆ ಕಾಣಲಿಲ್ಲ.

ಪೆಟ್ಟಿಗೆ. ಪುರಾವೆ ಇಲ್ಲ ಎಂದು ಬರೆದಿದ್ದೀರಿ. ಅಳಿಯಂದಿರೇ, ನಿಮಗೆ ಗಾಜಿನ ಕಸುಬು ಗೊತ್ತಿಲ್ಲ. ಒಡೆದ ಗಾಜನ್ನು ಹಾಗೆಯೇ ಕಸಕ್ಕೆ ಎಸೆಯುವವನು ಗಾಜಿನವನೇ ಅಲ್ಲ; ಕಸ ಎತ್ತುವವರ ಕೈ ಕೊಯ್ಯುತ್ತದೆ. ಚೂರುಗಳನ್ನು ಆಯ್ದು ಅಂದಂದಿನ ಪತ್ರಿಕೆಯಲ್ಲಿ ಸುತ್ತಿ, ಹೊರಗೆ ಎಲ್ಲಿಯದೆಂದು ಬರೆದು, ಹಳೆಗಾಜಿನವನು ಬರುವವರೆಗೆ ಪೆಟ್ಟಿಗೆಯಲ್ಲಿ ಇಡಬೇಕು. ನನಗೆ ಕಲಿಸಿದ ಯಜಮಾನರು ಮೊದಲ ದಿನ ಕಲಿಸಿದ್ದೇ ಅದು. ನಮ್ಮ ಹಳೆಗಾಜಿನವನು ವರ್ಷಕ್ಕೊಮ್ಮೆ ಬರುತ್ತಾನೆ, ಇನ್ನೂ ಬಂದಿಲ್ಲ. ಮೂವತ್ತೇಳು ಪೊಟ್ಟಣಗಳೂ ಇವೆ. ಪ್ರತಿಯೊಂದು ಪತ್ರಿಕೆಯ ನೆತ್ತಿಯ ಮೇಲೂ ತಾರೀಖು ಇದೆ.

ಮೂರು ವಾರ ಕೂತು ಒಂದೊಂದನ್ನೂ ಬಿಚ್ಚಿ, ಚೂರು ಜೋಡಿಸಿ, ದಪ್ಪ ಅಳೆದು ಪಟ್ಟಿ ಮಾಡಿದ್ದೇನೆ. ಬೇಕರಿಯ ನಡುಗೋಡೆಯಲ್ಲಿ ನಿಮ್ಮ ಎರಡು ಮಿಲಿಮೀಟರಿನ ಗಾಜು ಮೂವತ್ತನಾಲ್ಕು ದಿನ ತಡೆಯಿತು. ನನ್ನ ಮೂರರದು ಇಪ್ಪತ್ತನಾಲ್ಕು ದಿನ. ಐದರದು ಹದಿನೈದು. ಗಟ್ಟಿ ಕನ್ನಡಿ ಒಂಬತ್ತು. ಗಾಜು ದಪ್ಪವಾದಷ್ಟೂ ಬೇಗ ಒಡೆದಿದೆ. ನೆಲ ಎಷ್ಟು ಅವಸರದಲ್ಲಿದೆ ಎಂದು ಇದಕ್ಕಿಂತ ಚೆನ್ನಾಗಿ ನಿಮ್ಮ ಓರೆ ಗಾಜುಗಳು ಹೇಳುತ್ತಿರಲಿಲ್ಲ.

ಪೆಟ್ಟಿಗೆ ಲಾರಿಯಲ್ಲಿ ಬರುತ್ತಿದೆ. ಪಾರ್ಸೆಲ್ ಕಚೇರಿಯವನು "ಒಳಗೇನಿದೆ?" ಎಂದ. "ಒಡೆದ ಗಾಜು" ಎಂದೆ. "ದಾರೀಲಿ ಒಡೆದ್ರೆ ನಾವು ಜವಾಬ್ದಾರರಲ್ಲ ಯಜಮಾನ್ರೇ" ಎಂದ. "ಇನ್ನೊಂದು ಸಲ ಒಡೆದ್ರೆ ಓಣಿನೇ ಹೋಗುತ್ತಪ್ಪ" ಎಂದು ಹೇಳಿ, ನಾಲ್ಕೂ ಕಡೆ 'ಎಚ್ಚರಿಕೆ, ಗಾಜು' ಎಂದು ಬರೆಸಿದೆ. ಅವನು ನನ್ನನ್ನು ನೋಡಿದ ರೀತಿ ಮಗಳಿಗೆ ಹೇಳಬೇಡಿ.

ನಿಮ್ಮ ಮಾವ


ಮೇ 27

ಪೂಜ್ಯ ಮಾವನವರಿಗೆ ಅನಂತ ನಮಸ್ಕಾರಗಳು.

ಸಭೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅತ್ತೆಯವರಿಗೂ ಓದಿ ಹೇಳಿ.

ಮುಖ ಕಾಣುವಂತೆ ಉಜ್ಜಿದ ಉದ್ದ ಮೇಜಿನ ಮೇಲೆ ಮೂವತ್ತೇಳು ಪೊಟ್ಟಣ ಸಾಲಾಗಿ ಇಟ್ಟೆ. ಸಾಹೇಬರು ತಿಂಡಿಯೆಂದು ತಿಳಿದರು. ಮೊದಲು ಎದ್ದು ನಿಂತು ನನ್ನ ಮಾರ್ಚ್ ವರದಿ ತಪ್ಪು ಎಂದು ಹೇಳಿದೆ. ನಿಮ್ಮ ಪಟ್ಟಿಯನ್ನು ಓದಿದೆ: ಮೂವತ್ತನಾಲ್ಕು, ಇಪ್ಪತ್ತನಾಲ್ಕು, ಹದಿನೈದು, ಒಂಬತ್ತು. ಆಮೇಲೆ ಗಣಿಯ ಕಡೆಯ ಅಧಿಕಾರಿಯೊಬ್ಬರು, "ಹಳೇ ಪೇಪರು ಯಾರ ಮನೇಲಿ ಇರಲ್ಲ? ನಿನ್ನೆ ಒಡೆದು ಮಾರ್ಚಿನ ಪೇಪರಲ್ಲಿ ಸುತ್ತಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದರು.

ಅಷ್ಟರಲ್ಲಿ ಸಾಹೇಬರು ಮಾರ್ಚ್ 28ರ ಪೊಟ್ಟಣ ಬಿಚ್ಚಿದ್ದರು. ಅದರಲ್ಲಿ ಬೇಕರಿಯ ಕನ್ನಡಿ. ಸುತ್ತಿದ ಪತ್ರಿಕೆಯಲ್ಲಿ ಸಾಹೇಬರದೇ ದೊಡ್ಡ ಫೋಟೋ, ಹಿಂದಿನ ದಿನ ಗಣಿಯ ಗುಡ್ಡೆಯ ಮೇಲೆ ಗಿಡ ನೆಟ್ಟದ್ದು. ಕಾಗದದಲ್ಲಿ ಒಬ್ಬ ಸಾಹೇಬರು, ಕನ್ನಡಿಯ ಎರಡು ಚೂರಿನಲ್ಲಿ ಇಬ್ಬರು ಸಾಹೇಬರು. ಬಹಳ ಹೊತ್ತು ನೋಡಿದರು. ಫೋಟೋದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನೀವು ಏನೋ ಬರೆದಿದ್ದಿರಿ. ಅವರೇ ಗಟ್ಟಿಯಾಗಿ ಓದಿದರು: "ಬೇಕರಿ, ನಡುಗೋಡೆ, ನಾಲ್ಕನೇದು. ಈ ಮಹಾನುಭಾವರು ಗಿಡ ನೆಡೋ ಬದಲು ಗುಡ್ಡೆ ತೆಗೆದಿದ್ರೆ ಹೊಲಿಗೆಯಮ್ಮನ ಬಿಳೀ ಬಟ್ಟೆ ಮಸಿ ಹಿಡಿಯದೆ ಉಳೀತಿತ್ತು."

ನಾನು ಮನಸ್ಸಿನಲ್ಲೇ ರಾಜೀನಾಮೆ ಬರೆಯತೊಡಗಿದೆ.

ಸಾಹೇಬರು ಕನ್ನಡಕ ತೆಗೆದರು. "ಈ ಬರವಣಿಗೆ ಅಂದೇ ಬರೆದದ್ದು ಕಣ್ರೀ. ಸಭೆಗೆ ಅಂತ ಪುರಾವೆ ಹುಟ್ಟಿಸೋನು, ಸಭೆಯ ಅಧ್ಯಕ್ಷನನ್ನೇ ಬಯ್ದು ಬರೀತಾನಾ?" ಎಂದರು. ಆಮೇಲೆ ಮೆಲ್ಲಗೆ, "ಒಂಬತ್ತು ದಿನ ಅಂದ್ರಾ?" ಎಂದು ಕೇಳಿದರು. ಹೌದೆಂದೆ.

ತೀರ್ಮಾನ ಹೀಗಾಯಿತು. ಓಣಿಯ ಕೆಳಗಿನ ಕಂಬಗಳನ್ನು ಮುಟ್ಟುವುದಿಲ್ಲ. ಮೊದಲು ಬೇಕರಿಯ ಆಚೆ ಖಾಲಿಯಾದ ಜಾಗ, ಆಮೇಲೆ ನಿಮ್ಮ ಕೆಳಗಿನ ಟೊಳ್ಳು, ಎರಡನ್ನೂ ಗುಡ್ಡೆಯ ಕಲ್ಲಿನಿಂದ ತುಂಬುವುದು. ಮೂರು ವರ್ಷದ ಕಡತಕ್ಕೆ ಮೊಹರು ಬಿತ್ತು ಮಾವ. ಮೂತ್ರದ ನೆಪ ಹೇಳಿ ಹೊರಗೆ ಹೋಗಿ ಅತ್ತುಬಂದೆ.

ಜೊತೆಗೆ ತಪ್ಪು ವರದಿ ಕೊಟ್ಟದ್ದಕ್ಕೆ ನನಗೊಂದು ಎಚ್ಚರಿಕೆಯ ನೋಟಿಸೂ ಸಿಕ್ಕಿತು. ಅದು ಸಿಗಬೇಕಾದದ್ದೇ. ನಿಮ್ಮಿಂದ ಮುಚ್ಚಿಟ್ಟದ್ದಕ್ಕೆ ಸೇರಿಸಿ ಎರಡು ಸಿಗಬೇಕಿತ್ತು.

ನಿಮ್ಮ ಅಳಿಯ


ಜೂನ್ 4

ಅಳಿಯಂದಿರಿಗೆ ಆಶೀರ್ವಾದಗಳು.

ಪತ್ರವನ್ನು ಬೇಕರಿಯ ಮುಂದೆ ನಿಂತು ಓದಿ ಹೇಳಿದೆ. ಬೇಕರಿಯವನು ಎಲ್ಲರಿಗೂ ಬನ್ನು ಹಂಚಿದ, ಮೇಷ್ಟ್ರು ಕೊನೆಗೂ ನಕ್ಕರು. ನಿಮ್ಮ ಅತ್ತೆ ಮಾತ್ರ ಫೋಟೋದ ಮೇಲೆ ಬರೆದದ್ದಕ್ಕೆ ನನಗೆ ಬಯ್ಯುತ್ತಿದ್ದಾಳೆ, ನಿಲ್ಲಿಸುವ ಲಕ್ಷಣ ಕಾಣುತ್ತಿಲ್ಲ.

ನೋಟಿಸನ್ನು ಕಳಿಸಿಕೊಡಿ. ತೇಗದ ಪಟ್ಟಿ, ಐದು ಮಿಲಿಮೀಟರಿನ ಗಾಜು ಹಾಕಿ ಚೌಕಟ್ಟು ಕಟ್ಟಿ ಅಂಗಡಿಯಲ್ಲಿ ತೂಗುಹಾಕುತ್ತೇನೆ. ನನ್ನ ಅಳಿಯ ಓಣಿಗಾಗಿ ಬಯ್ಯಿಸಿಕೊಂಡದ್ದು ಹತ್ತು ಜನ ನೋಡಲಿ.

ನಿಮ್ಮ ಮಾವ


ಡಿಸೆಂಬರ್ 18

ಅಳಿಯಂದಿರಿಗೆ ಆಶೀರ್ವಾದಗಳು.

ಕೊಳವೆ ಬಂದು ನಾಲ್ಕು ತಿಂಗಳಾಯಿತು. ಹಗಲೆಲ್ಲ ನೆಲದೊಳಗೆ ಗುಳುಗುಳು ಸದ್ದು. ನಿಮ್ಮ ಅತ್ತೆ "ಭೂಮಿ ಮುಕ್ಕಳಿಸ್ತಿದೆ" ಎನ್ನುತ್ತಾಳೆ. ಸೋಸಿ ಬಂದ ನೀರನ್ನು ಮೇಲೆತ್ತಿ ಮತ್ತೆ ಅದೇ ಕಲ್ಲುಪುಡಿ ಕಲಸಲು ಬಳಸುತ್ತಾರೆ, ಚರಂಡಿಗೆ ಬಿಡುತ್ತಿಲ್ಲ. ನಾನು ದಿನಾ ಹೋಗಿ ನೋಡುತ್ತೇನೆ, ಅವರಿಗೆ ನನ್ನನ್ನು ಕಂಡರಾಗುವುದಿಲ್ಲ. ಗುಡ್ಡೆ ಮುಕ್ಕಾಲು ಕರಗಿದೆ. ಸಾಹೇಬರ ಗಿಡವನ್ನು ಬೇರುಸಮೇತ ಎತ್ತಿ ಕೆರೆಯ ದಂಡೆಗೆ ತಂದು ನೆಟ್ಟೆವು, ಅಲ್ಲಿ ಅದು ಮೊದಲ ಸಲ ಚಿಗುರಿದೆ. ಒಗೆಯುವ ಕಲ್ಲಿಗೆ ಇನ್ನೂ ಒಂದು ಮೆಟ್ಟಿಲು ನೀರು ಬಾಕಿ. ನೆಲ ಇಳಿದದ್ದು ಇಳಿದದ್ದೇ, ಮೇಲೇಳುವುದಿಲ್ಲವಂತೆ. ಹೊಲಿಗೆಯಮ್ಮ ಮೇಜಿನ ಎರಡು ಕಾಲಿಗೆ ಮರದ ತುಂಡು ಕೊಟ್ಟು ಕೂತಿದ್ದಾಳೆ. ಆದರೆ ಇನ್ನು ಇಳಿಯುತ್ತಿಲ್ಲ.

ಈಗ ವರದಿ. ಸೆಪ್ಟೆಂಬರಿನಲ್ಲಿ ನೀವು ಬಂದು ಹೊಸದಾಗಿ ಅಂಟಿಸಿದ ಗಾಜು ಹನ್ನೆರಡು. ಮೂರು ತಿಂಗಳಾಯಿತು. ಹನ್ನೊಂದು ಕ್ಷೇಮ. ನಾನು ಮುಟ್ಟಿಲ್ಲ. ಕೈ ಕಟ್ಟಿಕೊಂಡು ನೋಡಿ ಬರುತ್ತೇನೆ. ಬೇಕಾದರೆ ಮೇಷ್ಟ್ರಿಂದ ಸಾಕ್ಷಿ ಸಹಿಯನ್ನೂ ಹಾಕಿಸಿ ಕಳಿಸುತ್ತೇನೆ.

ಹನ್ನೆರಡನೆಯದು, ನಮ್ಮ ಅಂಗಡಿಯ ನಡುಗೋಡೆಯದು, ಒಡೆದಿದೆ. ನೆಲದ ತಪ್ಪಲ್ಲ. ನಿಮ್ಮ ನೋಟಿಸು ತೂಗುಹಾಕಲು ಏಣಿ ತಿರುಗಿಸುವಾಗ ನಾನೇ ತಾಗಿಸಿದೆ. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಒಡೆದ ಗಾಜು ಇದು ಮೂರನೆಯದು. ಹಾಗೆಯೇ ಬಿಟ್ಟಿದ್ದೇನೆ. ಬಂದ ಗಿರಾಕಿಗಳೆಲ್ಲ "ಗಾಜಿನಂಗಡಿ ಗೋಡೇಲೇ ಒಡೆದ ಗಾಜಾ?" ಎಂದು ಕೇಳುತ್ತಾರೆ. ಹೂಂ ಎನ್ನುತ್ತೇನೆ. ದಿನಕ್ಕೆ ಹತ್ತು ಸಲ ಕೈ ಅತ್ತ ಹೋಗುತ್ತದೆ, ಹತ್ತು ಸಲವೂ ನಿಮ್ಮ ಅತ್ತೆ ಒಳಗಿನಿಂದಲೇ ಕೆಮ್ಮುತ್ತಾಳೆ.

ಬೇಗ ಬಂದು ನೀವೇ ಹೊಸದು ಅಂಟಿಸಿ. ಓರೆಯಾದರೂ ಅಡ್ಡಿಯಿಲ್ಲ.

ನಿಮ್ಮ ಮಾವ